ಕ್ರಿಸ್ಟೆಲಾ ಅಲೋಂಜೊ ಸ್ಟ್ಯಾಂಡಪ್: ಎಲ್ಲಿಂದ ಶುರು ಮಾಡಬೇಕು, ಏನನ್ನು ಗಮನಿಸಬೇಕು?

ಅಮೆರಿಕದ ಹಾಸ್ಯಗಾರ್ತಿ ಕ್ರಿಸ್ಟೆಲಾ ಅಲೋಂಜೊಳ ಸ್ಟ್ಯಾಂಡಪ್ (ವೇದಿಕೆಯಲ್ಲಿ ಒಬ್ಬರೇ ನಿಂತು ನಗಿಸುವ) ಕಾರ್ಯಕ್ರಮಗಳನ್ನು ಯಾವ ಕ್ರಮದಲ್ಲಿ ನೋಡಬೇಕು, ಅಮೆರಿಕದ ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದವರ) ಬದುಕಿನ ಪರಿಚಯವೇ ಇಲ್ಲದ ನಮ್ಮಂಥವರಿಗೆ ಅವು ದಕ್ಕುತ್ತವೆಯೇ ಎಂದು ಕೇಳಿದ್ದೀರಿ. ಖಂಡಿತ ದಕ್ಕುತ್ತವೆ. ಆದರೆ ‘ಲ್ಯಾಟಿನೊ ಜೋಕು’ ಎಲ್ಲಿದೆ ಎಂದು ಹುಡುಕುತ್ತಾ ಕೂತರೆ ಅರ್ಧಕ್ಕರ್ಧ ಕೈತಪ್ಪಿಹೋಗುತ್ತದೆ. ನನ್ನ ಪ್ರಕಾರ ಆಕೆಯ ಮೂಲ ವಸ್ತು ಬಡತನ. ಲ್ಯಾಟಿನೊ ಗುರುತಿನ ಮಾತು ಬರುವುದೂ ಆ ಬಾಗಿಲಿನಿಂದಲೇ. ನೆಟ್‌ಫ್ಲಿಕ್ಸ್‌ನ ಮೂರು ಕಾರ್ಯಕ್ರಮಗಳ ಹೆಸರೇ ಅದನ್ನು ಹೇಳುತ್ತವೆ: ‘ಲೋವರ್ ಕ್ಲಾಸಿ’ (2017), ‘ಮಿಡಲ್ ಕ್ಲಾಸಿ’ (2022), ‘ಅಪ್ಪರ್ ಕ್ಲಾಸಿ’ (2025). ಇದೇ ಕ್ರಮದಲ್ಲಿ ನೋಡಿ. ಎರಡನೆಯದರಿಂದ ಶುರು ಮಾಡಿದರೆ, ಕೈಗೆ ದುಡ್ಡು ಬಂದದ್ದಕ್ಕೆ ಆಕೆ ಅಷ್ಟೊಂದು ಹಿಗ್ಗುವುದೇಕೆ ಎಂದು ತಿಳಿಯುವುದಿಲ್ಲ.

ಮೊದಲು ಊರಿನ ಬಗ್ಗೆ ನಾಲ್ಕು ಮಾತು. ಆಕೆ ಹುಟ್ಟಿದ್ದು 1979ರಲ್ಲಿ, ಟೆಕ್ಸಸ್‌ನ ದಕ್ಷಿಣ ತುದಿಯ ಸ್ಯಾನ್ ಹ್ವಾನ್‌ನಲ್ಲಿ. ರಿಯೊ ಗ್ರಾಂಡೆ ಹೊಳೆಯ ಬಯಲು ಅದು. ಹೊಳೆಯ ಆಚೆ ದಡ ಮೆಕ್ಸಿಕೊ. ಈ ಹೊಳೆ ಎರಡು ದೇಶಗಳ ನಡುವಿನ ಗಡಿಯೆಂದು ಪಕ್ಕಾ ಆದದ್ದು 1848ರ ಒಪ್ಪಂದದಿಂದ. ಅದಕ್ಕೂ ಮೊದಲಿನಿಂದ ಸ್ಪ್ಯಾನಿಷ್ ಮಾತಾಡುವ ಕುಟುಂಬಗಳು ಅಲ್ಲಿದ್ದವು. ಹಾಗಾಗಿ ಆ ಸೀಮೆಯಲ್ಲಿ ಮೆಕ್ಸಿಕನ್ ಮೂಲದವರು ಅಲ್ಪಸಂಖ್ಯಾತರಲ್ಲ, ಬಹುಪಾಲು ಅವರೇ. ಇನ್ನೊಂದು ಸಂಗತಿ ಹೊರಗಿನವರಿಗೆ ಹೊಳೆಯುವುದೇ ಇಲ್ಲ: ಗಡಿಯಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ಒಳಗೆ, ಫಾಲ್ಫೂರಿಯಸ್ ಊರಿನ ಬಳಿ, ಗಡಿ ಪೊಲೀಸರ ತಪಾಸಣಾ ಠಾಣೆಯಿದೆ. ಕಾಗದಪತ್ರ ಇಲ್ಲದವರಿಗೆ ಹೊಳೆ ದಾಟಿದರೂ ಅಲ್ಲಿಂದ ಮುಂದಕ್ಕೆ ಹೋಗುವುದು ಕಷ್ಟ. ಅಮೆರಿಕದ ಒಳಗಿದ್ದೂ ಉಳಿದ ಅಮೆರಿಕದಿಂದ ಬೇರೆಯಾದ ಈ ಸೀಮೆಯಲ್ಲಿ ಬೆಳೆದವಳು ಮಾತಾಡುತ್ತಿದ್ದಾಳೆ ಎಂಬುದು ತಲೆಯಲ್ಲಿರಲಿ.

ತಾಯಿ ಮೆಕ್ಸಿಕೊದಿಂದ ಬಂದವರು, ಹೋಟೆಲಿನಲ್ಲಿ ದುಡಿದು ನಾಲ್ಕು ಮಕ್ಕಳನ್ನು ಒಬ್ಬರೇ ಸಾಕಿದರು. ಕ್ರಿಸ್ಟೆಲಾಳ ಬಾಲ್ಯದ ಮೊದಲ ವರ್ಷಗಳು ಕಳೆದದ್ದು ಪಾಳುಬಿದ್ದ ಒಂದು ಹೋಟೆಲ್ ಕಟ್ಟಡದಲ್ಲಿ. ಮನೆಮಾತು ಸ್ಪ್ಯಾನಿಷ್, ಇಂಗ್ಲಿಷ್ ಕಲಿಯಲು ಟಿ.ವಿ.ಯೇ ದೊಡ್ಡ ಆಸರೆ. ಮುಂದೆ ತಾಯಿ ತೀರಿಕೊಂಡ ನಂತರ, 2000ದ ದಶಕದ ಆರಂಭದಲ್ಲಿ, ಡಲ್ಲಾಸ್ ಪಕ್ಕದ ಕಾಮಿಡಿ ಕ್ಲಬ್ ಒಂದರ ಆಫೀಸಿನಲ್ಲಿ ಕೆಲಸ ಮಾಡುತ್ತಲೇ ವೇದಿಕೆ ಹತ್ತಿದಳು.

ಆಕೆಯ ವೃತ್ತಿಯಲ್ಲಿ ಎಲ್ಲಕ್ಕಿಂತ ಕಲಿಯುವಂಥದ್ದು ಎಬಿಸಿ ವಾಹಿನಿಯ ‘ಕ್ರಿಸ್ಟೆಲಾ’ ಧಾರಾವಾಹಿ ಹುಟ್ಟಿದ ರೀತಿ. ಅಮೆರಿಕದ ದೊಡ್ಡ ವಾಹಿನಿಗಳು ನೂರಾರು ಕಥೆಗಳನ್ನು ಕೇಳಿ, ಕೆಲವಕ್ಕೆ ಮಾತ್ರ ಸ್ಕ್ರಿಪ್ಟ್ ಬರೆಸಿ, ಅದರಲ್ಲೂ ಕೆಲವೇ ಕೆಲವಕ್ಕೆ ಪೈಲಟ್, ಅಂದರೆ ಮಾದರಿ ಕಂತು, ತೆಗೆಸುತ್ತವೆ. ಆಕೆಯ ಸ್ಕ್ರಿಪ್ಟ್ ಪೈಲಟ್ ಹಂತಕ್ಕೆ ಬರದೆ ನಿಂತಿತು. ಆದರೆ ಕರಾರಿನಲ್ಲಿ ಒಂದು ಷರತ್ತಿತ್ತು: ಪೈಲಟ್ ತೆಗೆಸದಿದ್ದರೆ ವಾಹಿನಿ ದಂಡ ಕಟ್ಟಬೇಕು. ಸಾಮಾನ್ಯವಾಗಿ ಆ ಹಣ ಜೇಬಿಗಿಳಿಸಿ ಎಲ್ಲರೂ ಮುಂದಿನ ಕೆಲಸ ನೋಡಿಕೊಳ್ಳುತ್ತಾರೆ. ಇವರ ತಂಡ ಆ ದುಡ್ಡಿನಲ್ಲೇ, ಆಗ ಓಡುತ್ತಿದ್ದ ‘ಲಾಸ್ಟ್ ಮ್ಯಾನ್ ಸ್ಟ್ಯಾಂಡಿಂಗ್’ ಧಾರಾವಾಹಿಯ ಸೆಟ್ ಬಳಸಿಕೊಂಡು, ಪ್ರೇಕ್ಷಕರನ್ನು ಎದುರಿಗೆ ಕೂರಿಸಿ ಕಡಿಮೆ ಖರ್ಚಿನಲ್ಲಿ ಮಾದರಿ ಕಂತನ್ನು ಚಿತ್ರೀಕರಿಸಿತು. ಸ್ಟ್ಯಾಂಡಪ್ ಕಲಾವಿದೆಗೆ ಎದುರಿಗೆ ಜನ ಇರುವುದು ಎಷ್ಟು ಮುಖ್ಯ ನೋಡಿ: ಕಾಗದದ ಮೇಲೆ ಸಪ್ಪೆ ಅನ್ನಿಸಿದ ಸಾಲು ಅಲ್ಲಿ ನಗೆ ತರಿಸಬಲ್ಲದು. 2014ರ ಮೇ ತಿಂಗಳಲ್ಲಿ ಎಬಿಸಿ ಮನಸ್ಸು ಬದಲಿಸಿ ಪೂರ್ತಿ ಧಾರಾವಾಹಿಗೆ ಒಪ್ಪಿತು. ಅಮೆರಿಕದ ದೊಡ್ಡ ವಾಹಿನಿಯಲ್ಲಿ ತನ್ನದೇ ಧಾರಾವಾಹಿಯನ್ನು ಸೃಷ್ಟಿಸಿ, ನಿರ್ಮಿಸಿ, ಅದರಲ್ಲಿ ತಾನೇ ಮುಖ್ಯಪಾತ್ರ ಮಾಡಿದ ಮೊದಲ ಲ್ಯಾಟಿನಾ (ಲ್ಯಾಟಿನೊ ಮಹಿಳೆ) ಆಕೆಯೇ.

ಧಾರಾವಾಹಿ 22 ಕಂತಿಗೆ ನಿಂತುಹೋಯಿತು. ಪ್ರಸಾರವಾಗುತ್ತಿದ್ದದ್ದು ಶುಕ್ರವಾರ ರಾತ್ರಿ, ಟಿ.ವಿ. ಮುಂದೆ ಜನ ಕಡಿಮೆ ಇರುವ ಹೊತ್ತು. ಇಂಥ ಕೆಲಸಗಳಿಗೆ ಇನ್ನೊಂದು ಹೊರೆಯೂ ಇರುತ್ತದೆ, ಅದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಇರುವುದು ಒಂದೇ ಧಾರಾವಾಹಿ ಆದಾಗ ಅದು ಕೋಟ್ಯಂತರ ಜನರ ಪರವಾಗಿ ಮಾತಾಡಬೇಕೆಂದು ಎಲ್ಲರೂ ಬಯಸುತ್ತಾರೆ. 2020ರ ಜನಗಣತಿಯಲ್ಲಿ ಅಮೆರಿಕದ ಲ್ಯಾಟಿನೊ ಜನಸಂಖ್ಯೆ 6.2 ಕೋಟಿ. ಅದರಲ್ಲಿ ಮೆಕ್ಸಿಕನ್, ಪೋರ್ಟೊರಿಕನ್, ಕ್ಯೂಬನ್ ಮೂಲದವರ ಚರಿತ್ರೆಗಳೇ ಬೇರೆ ಬೇರೆ. ಪೋರ್ಟೊರಿಕನ್ನರು 1917ರಿಂದಲೇ ಅಮೆರಿಕದ ನಾಗರಿಕರು, ಅವರಿಗೆ ಗಡಿ ಠಾಣೆಯ ಭಯದ ಜೋಕು ತಮ್ಮ ಮನೆಯದಲ್ಲ. ಒಂದೇ ಕುಟುಂಬದ ಕಥೆ ಎಲ್ಲರಿಗೂ ಒಪ್ಪುವುದಾದರೂ ಹೇಗೆ?

ಭಾಷೆಯ ವಿಷಯದಲ್ಲೂ ಹೀಗೇ. ಕ್ರಿಸ್ಟೆಲಾ ಸ್ಪ್ಯಾನಿಷ್‌ನಲ್ಲೇ ಬೆಳೆದವಳು. ಕ್ಯಾಲಿಫೋರ್ನಿಯಾದ ಮೆಕ್ಸಿಕನ್ ಮೂಲದ ಹಾಸ್ಯಗಾರ್ತಿ ಆಂಜೆಲಾ ಜಾನ್ಸನ್ ಇಂಗ್ಲಿಷ್‌ನಲ್ಲೇ ಬೆಳೆದವಳು, ಸ್ಪ್ಯಾನಿಷ್ ಬಾರದಿರುವುದೇ ಆಕೆಯ ಹಾಸ್ಯಕ್ಕೆ ಸರಕು. ಇಬ್ಬರನ್ನೂ ಬೆನ್ನುಬೆನ್ನಿಗೆ ನೋಡಿ ಎಂದು ಒತ್ತಾಯಿಸುತ್ತೇನೆ. ಅಮೆರಿಕದ ಪ್ಯೂ ಸಮೀಕ್ಷಾ ಸಂಸ್ಥೆಯ 2023ರ ವರದಿ ಪ್ರಕಾರ, ಸ್ಪ್ಯಾನಿಷ್ ಅಷ್ಟಾಗಿ ಬಾರದ ಲ್ಯಾಟಿನೊಗಳಲ್ಲಿ 54% ಜನ ಆ ಕಾರಣಕ್ಕೆ ತಮ್ಮವರಿಂದಲೇ ಮುಜುಗರ ಅನುಭವಿಸಿದ್ದಾರೆ. ಅದೇ ವರದಿಯಲ್ಲಿ 78% ಲ್ಯಾಟಿನೊಗಳು ಲ್ಯಾಟಿನೊ ಎನಿಸಿಕೊಳ್ಳಲು ಸ್ಪ್ಯಾನಿಷ್ ಬರಲೇಬೇಕೆಂದಿಲ್ಲ ಎಂದಿದ್ದಾರೆ. ಕನ್ನಡ ಬಾರದ ಮಕ್ಕಳಿರುವ ವಿದೇಶದ ಕನ್ನಡ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನೋಡುವಾಗ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ. ಮಾತಿನ ವೇಗ ಜೋರು, ನಡುವೆ ಸ್ಪ್ಯಾನಿಷ್ ನುಸುಳುತ್ತದೆ. ತಾಯಿಯ ಮಾತುಗಳು ಬಂದಾಗ ಕಿವಿಗೊಡಿ. ಉಚ್ಚಾರಣೆಯನ್ನು ಆಡಿಕೊಳ್ಳುತ್ತಿದ್ದಾಳೆ ಎಂದು ಮೇಲ್ನೋಟಕ್ಕೆ ಅನ್ನಿಸಬಹುದು. ಆದರೆ ನಗೆ ಹುಟ್ಟುವುದು ಬಡ ತಾಯಿಯೊಬ್ಬಳ ಕಟ್ಟುನಿಟ್ಟಿನ ಲೆಕ್ಕಾಚಾರದಿಂದ. ‘ಮಿಡಲ್ ಕ್ಲಾಸಿ’ಯಲ್ಲಿ ಹೊಸ ಹಲ್ಲುಗಳ ಖುಷಿ, ಸ್ತ್ರೀರೋಗ ತಜ್ಞರ ಬಳಿಗೆ ಮೊದಲ ಭೇಟಿ ಬರುತ್ತವೆ. ಅಮೆರಿಕದಲ್ಲಿ ಆರೋಗ್ಯ ವಿಮೆ ಬಹುಮಟ್ಟಿಗೆ ನೌಕರಿಗೆ ಅಂಟಿಕೊಂಡಿದೆ, ಹಲ್ಲಿನ ಚಿಕಿತ್ಸೆಗೆ ಸಾಮಾನ್ಯವಾಗಿ ಬೇರೆಯದೇ ವಿಮೆ ಬೇಕು. ಇಷ್ಟು ಗೊತ್ತಿದ್ದರೆ, ನಡುವಯಸ್ಸಿನಲ್ಲಿ ಬಂದ ಹಲ್ಲಿನ ಸಾಲು ಸೌಂದರ್ಯದ ಮಾತಲ್ಲವೆಂದು ತಾನಾಗಿ ತಿಳಿಯುತ್ತದೆ.

ಮನೆಯಲ್ಲಿ ಮಕ್ಕಳಿದ್ದರೆ ‘ಕಾರ್ಸ್ 3’ (2017) ಹಾಕಿ. ಕ್ರೂಸ್ ರಮಿರೆಸ್ ಎಂಬ ಹಳದಿ ಕಾರಿಗೆ ಇಂಗ್ಲಿಷ್‌ನಲ್ಲಿ ದನಿ ಕೊಟ್ಟವಳು ಕ್ರಿಸ್ಟೆಲಾ. ರೇಸಿಗಿಳಿಯುವ ಆಸೆಯಿದ್ದೂ, ಮೊದಲ ರೇಸಿನ ದಿನ ಸುತ್ತಲಿನ ಕಾರುಗಳನ್ನು ನೋಡಿ ಇದು ತನ್ನ ಜಾಗವಲ್ಲವೆಂದು ಹಿಂದೆ ಸರಿದು, ತರಬೇತುದಾರಳಾಗಿ ಉಳಿದ ಪಾತ್ರ ಅದು.