ಹಳೆಯ ಗಿಬ್ಸನ್ ಡಬಲ್ ನೆಕ್ ಗಿಟಾರ್ ಕೊಳ್ಳುವ ಮುನ್ನ ಏನೇನು ನೋಡಬೇಕು?

ನಿಮ್ಮ ಪ್ರಶ್ನೆ ಹೀಗಿದೆ: ಗೋಣಿಕೊಪ್ಪಲಿನಲ್ಲಿ ತೋಟ ನೋಡಿಕೊಂಡಿರುವ ನೀವು ಬೆಂಗಳೂರಿನ ಒಬ್ಬರಿಂದ ಗಿಬ್ಸನ್ ಇಡಿಎಸ್-1275 ಡಬಲ್ ನೆಕ್ ಗಿಟಾರ್, ಅಂದರೆ ಒಂದೇ ಬಾಡಿಗೆ ಎರಡು ನೆಕ್ (ತಂತಿಗಳು ಹಾದುಹೋಗುವ ಉದ್ದನೆಯ ಹಿಡಿ) ಇರುವ ಅಮೆರಿಕದ ಗಿಟಾರ್, ಕೊಳ್ಳಬೇಕೆಂದಿದ್ದೀರಿ. ಅದು 1964ರದ್ದೆಂದು ಮಾರುವವರು ಹೇಳುತ್ತಾರೆ. ಹೆಡ್‌ಸ್ಟಾಕಿನ (ನೆಕ್‌ನ ತುದಿಯಲ್ಲಿ ತಂತಿ ಬಿಗಿಸುವ ಭಾಗದ) ಹಿಂಭಾಗದಲ್ಲಿ ‘ಮೇಡ್ ಇನ್ ಯು.ಎಸ್.ಎ.’ ಎಂಬ ಅಚ್ಚೂ ಎಂಟು ಅಂಕಿಗಳ ಸಂಖ್ಯೆಯೂ ಇವೆ, ಸಂಖ್ಯೆಯ ಮೊದಲ ಅಂಕಿ 7, ಐದನೆಯದು 8. ಇದನ್ನೇ ಕೊಳ್ಳುವುದೋ, ಅಮೆರಿಕದಿಂದ ತರಿಸುವುದೋ, ತರಿಸಿದರೂ ನಮ್ಮ ಕೊಡಗಿನ ಮಳೆಗಾಲಕ್ಕೆ ಅದು ತಡೆದೀತೋ ಎಂದು ಕೇಳಿದ್ದೀರಿ. 1979ರ ಇಡಿಎಸ್-1275 ಒಂದನ್ನು ಮಡಿಕೇರಿಯಲ್ಲಿ ಇಟ್ಟುಕೊಂಡು ಇಂದಿಗೂ ನುಡಿಸುತ್ತಿರುವವನಾದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಮುಖ್ಯವಾದ ಉತ್ತರ ನಿಮ್ಮ ವಿವರಣೆಯಲ್ಲಿಯೇ ಇದೆ. ಆ ಹೆಡ್‌ಸ್ಟಾಕ್ 1964ರದ್ದಾಗಿರಲು ಸಾಧ್ಯವಿಲ್ಲ. ಗಿಬ್ಸನ್ ಕಂಪನಿ ಹೆಡ್‌ಸ್ಟಾಕಿನ ಹಿಂದೆ ದೇಶದ ಹೆಸರನ್ನು ಒತ್ತತೊಡಗಿದ್ದು 1970ರ ಸುಮಾರಿಗೆ. ಎಂಟು ಅಂಕಿಗಳ ಸಂಖ್ಯೆ ಬಂದದ್ದು 1977ರಲ್ಲಿ. ಈ ಪದ್ಧತಿಯಲ್ಲಿ ಮೊದಲನೆಯ ಮತ್ತು ಐದನೆಯ ಅಂಕಿಗಳು ಸೇರಿ ವರ್ಷವನ್ನೂ, ನಡುವಿನ ಮೂರು ಅಂಕಿಗಳು ಆ ವರ್ಷದ ಎಷ್ಟನೆಯ ದಿನ ಎಂಬುದನ್ನೂ ಸೂಚಿಸುತ್ತವೆ. ಕೊನೆಯ ಮೂರು ಅಂಕಿಗಳು 500ಕ್ಕಿಂತ ಕಡಿಮೆಯಿದ್ದರೆ ಗಿಟಾರ್ ಮಿಷಿಗನ್ ರಾಜ್ಯದ ಕಲಮಜೂ ಕಾರ್ಖಾನೆಯದು, 500 ಅಥವಾ ಹೆಚ್ಚಿದ್ದರೆ ನ್ಯಾಶ್‌ವಿಲ್ ಕಾರ್ಖಾನೆಯದು. ಅಂದರೆ ನೀವು ನೋಡಿದ್ದು ಹೆಚ್ಚಿನಂಶ 1978ರ ಗಿಟಾರ್. ಮಾರುವವರು ಬೇಕೆಂದೇ ಸುಳ್ಳು ಹೇಳುತ್ತಿದ್ದಾರೆಂದು ನಾನು ಭಾವಿಸುವುದಿಲ್ಲ. ಕೈಯಿಂದ ಕೈಗೆ ದಾಟುವಾಗ ಇಂಥ ವಾದ್ಯಗಳ ವಯಸ್ಸು ಏರುತ್ತಲೇ ಹೋಗುತ್ತದೆ, ಹಿಂದಿನವರು ಹೇಳಿದ್ದನ್ನು ಇವರು ನಂಬಿಕೊಂಡಿರಬಹುದು. ಆದರೆ ಬೆಲೆಯ ಮಾತು ಬಂದಾಗ 1964ಕ್ಕೂ 1978ಕ್ಕೂ ಇರುವ ಅಂತರ ಬಹಳ ದೊಡ್ಡದು. ಅದು ಏಕೆಂಬುದನ್ನು ತಿಳಿದುಕೊಂಡರೆ ಚೌಕಾಸಿಗೂ ಅನುಕೂಲವಾಗುತ್ತದೆ.

ಗಿಬ್ಸನ್ ಈ ಮಾದರಿಯನ್ನು 1958ರಲ್ಲಿ ಹೊರತಂದಾಗ ಅದರ ಬಾಡಿ ಒಳಗೆ ಟೊಳ್ಳಾಗಿತ್ತು, ಮೇಲ್ಹಲಗೆ ಸ್ಪ್ರೂಸ್ ಮರದ್ದಾಗಿತ್ತು. 1962ರ ಸುಮಾರಿಗೆ ಅದು ಇಂದು ಎಲ್ಲರಿಗೂ ಪರಿಚಿತವಾದ, ಎರಡು ಕೊಂಬುಗಳುಳ್ಳ ಎಸ್‌ಜಿ (ಗಿಬ್ಸನ್‌ನ ಇನ್ನೊಂದು ಮಾದರಿ) ಆಕಾರದ ಗಟ್ಟಿ ಮಹಾಗನಿ ಬಾಡಿಗೆ ಬದಲಾಯಿತು. ಮೇಲಿನ ನೆಕ್‌ನಲ್ಲಿ ಹನ್ನೆರಡು ತಂತಿ, ಕೆಳಗಿನದರಲ್ಲಿ ಆರು. ಆರ್ಡರ್ ಕೊಟ್ಟವರಿಗೆ ಮಾತ್ರ ಮಾಡಿಕೊಡುತ್ತಿದ್ದ ವಾದ್ಯವಾದ್ದರಿಂದ ಅರವತ್ತರ ದಶಕದಲ್ಲಿ ಹೊರಬಂದವೇ ಕೆಲವು, ಆ ದಶಕ ಮುಗಿಯುವ ಮೊದಲೇ ಅದು ಪಟ್ಟಿಯಿಂದ ಹೊರಬಿತ್ತು. ಅದಕ್ಕೆ ಬೇಡಿಕೆ ಹುಟ್ಟಿದ್ದು ಆಮೇಲೆ. ಇಂಗ್ಲೆಂಡಿನ ರಾಕ್ ತಂಡವಾದ ಲೆಡ್ ಝೆಪೆಲಿನ್‌ನ ಜಿಮ್ಮಿ ಪೇಜ್ 1971ರಿಂದ ಚೆರ್ರಿ ಬಣ್ಣದ ಒಂದನ್ನು ವೇದಿಕೆಯ ಮೇಲೆ ನುಡಿಸತೊಡಗಿದರು. ಮುಂದೆ ಶಕ್ತಿ ತಂಡದಲ್ಲಿ ಝಾಕಿರ್ ಹುಸೇನ್ ಮತ್ತು ವಿಕ್ಕು ವಿನಾಯಕರಾಮ್ ಅವರ ಜೊತೆ ನುಡಿಸಿದ ಜಾನ್ ಮೆಕ್‌ಲಾಫ್ಲಿನ್, ಅದಕ್ಕೂ ಮೊದಲು ಮಹಾವಿಷ್ಣು ಆರ್ಕೆಸ್ಟ್ರಾದ ಕಾಲದಲ್ಲಿ ಇದನ್ನೇ ಹಿಡಿದಿದ್ದರು. ಕಂಪನಿ ಎಪ್ಪತ್ತರ ದಶಕದಲ್ಲಿ ಮತ್ತೆ ತಯಾರಿಕೆ ಆರಂಭಿಸಿತು. ಹೀಗಾಗಿ ಅರವತ್ತರ ದಶಕದವು ನಿಜಕ್ಕೂ ಅಪರೂಪ. ಆಮೇಲಿನವು ಒಳ್ಳೆಯ ವಾದ್ಯಗಳೇ ಆದರೂ ಅಷ್ಟು ಅಪರೂಪವಲ್ಲ. ನುಡಿಸುವ ಆಸೆಯಿಂದ ಕೊಳ್ಳುವವರಿಗೆ ಈ ಎರಡನೆಯ ಗುಂಪೇ ತಕ್ಕದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನು ಪರೀಕ್ಷೆಯ ವಿಚಾರ. ಹೆಡ್‌ಸ್ಟಾಕಿನ ಸಂಖ್ಯೆಯೊಂದನ್ನೇ ನಂಬಿ ಹಣ ಕೊಡಬೇಡಿ. ಅರವತ್ತರ ದಶಕದಲ್ಲಿ ಗಿಬ್ಸನ್ ಒಂದೇ ಸಂಖ್ಯೆಯನ್ನು ಬೇರೆ ಬೇರೆ ವರ್ಷಗಳಲ್ಲಿ ಮತ್ತೆ ಬಳಸಿದ್ದುಂಟು, ಎಪ್ಪತ್ತರ ದಶಕದ ಜಪಾನೀ ನಕಲುಗಳೂ ಮಾರುಕಟ್ಟೆಯಲ್ಲಿವೆ. ಐಬನೀಜ್ ಕೂಡ ಆಗ ಇದೇ ಆಕಾರದ ಡಬಲ್ ನೆಕ್ ಮಾಡುತ್ತಿತ್ತು. ಹೆಡ್‌ಸ್ಟಾಕಿನ ಆಕಾರವನ್ನು ನಕಲು ಮಾಡಿದ್ದಕ್ಕೆ ಗಿಬ್ಸನ್‌ನ ಮಾತೃಸಂಸ್ಥೆ 1977ರಲ್ಲಿ ಐಬನೀಜ್‌ನ ಅಮೆರಿಕದ ವಿತರಕರ ಮೇಲೆ ಮೊಕದ್ದಮೆ ಹೂಡಿತು. ಅಂಥ ನಕಲುಗಳ ಮೇಲೆ ಆಮೇಲೆ ಗಿಬ್ಸನ್ ಹೆಸರು ಅಂಟಿಸುವುದು ಕಷ್ಟದ ಕೆಲಸವೇನಲ್ಲ. ಮೊದಲು ನೆಕ್ ಬಾಡಿಗೆ ಸೇರುವ ಜಾಗ ನೋಡಿ. ಗಿಬ್ಸನ್‌ನಲ್ಲಿ ಅದು ಅಂಟಿನ ಜೋಡಣೆ, ಹಿಂದೆ ನಾಲ್ಕು ಸ್ಕ್ರೂ ಕಂಡರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಬಹುದು.

ಅನಂತರ ಮಾರುವವರ ಎದುರಿಗೇ, ಅವರ ಒಪ್ಪಿಗೆ ಪಡೆದು, ಬಾಡಿಯ ಹಿಂದಿನ ಪ್ಲಾಸ್ಟಿಕ್ ಮುಚ್ಚಳ ತೆಗೆಸಿ. ನನ್ನ ಗಿಟಾರಿನ ಮುಚ್ಚಳವನ್ನು ಮೊದಲ ಬಾರಿ ತೆಗೆದಾಗ ಒಳಗೆ ಕಂಡದ್ದು ನಾಲ್ಕು ಪಾಟ್‌ಗಳು (ವಾಲ್ಯೂಮ್ ಮತ್ತು ಟೋನ್ ಗುಂಡಿಗಳ ಅಡಿಯ ನಿಯಂತ್ರಕಗಳು), ಅವುಗಳ ಬೆನ್ನ ಮೇಲೆ ಮಂಕಾದ ಬೆಸುಗೆ, ಟಾರ್ಚನ್ನು ಓರೆಯಾಗಿ ಹಿಡಿದಾಗ ಮಾತ್ರ ಓದಲು ಬರುವ ಸಣ್ಣ ಅಂಕಿಗಳು. 137 ಎಂದಿದ್ದರೆ ಅದು ಸಿಟಿಎಸ್ ಕಂಪನಿಯ ಪಾಟ್, ಅದರ ಮುಂದಿನ ಎರಡು ಅಂಕಿ ವರ್ಷ, ಕೊನೆಯ ಎರಡು ಅಂಕಿ ಆ ವರ್ಷದ ವಾರ. ನಿಮ್ಮದು 1978ರದ್ದಾಗಿದ್ದರೆ ಅಲ್ಲಿ 77 ಅಥವಾ 78 ಕಾಣಬೇಕು. ಪಾಟ್‌ನ ವರ್ಷ ಗಿಟಾರಿನ ವರ್ಷಕ್ಕಿಂತ ತುಸು ಹಿಂದಿದ್ದರೆ ಚಿಂತೆಯಿಲ್ಲ, ಕಾರ್ಖಾನೆಯಲ್ಲಿ ದಾಸ್ತಾನು ಇದ್ದೇ ಇರುತ್ತದೆ. ಮುಂದಿನ ವರ್ಷದ್ದಾದರೆ ಯಾರೋ ಬದಲಾಯಿಸಿದ್ದಾರೆ. ಬೆಸುಗೆ ಹೊಸದಾಗಿ ಹೊಳೆಯುತ್ತಿದ್ದರೂ ಅದೇ ಅರ್ಥ, ಕಾರಣ ಕೇಳಿ.

ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ನಾಲ್ಕು ಹಂಬಕರ್ ಪಿಕಪ್‌ಗಳನ್ನೂ ಬಿಚ್ಚಿಸಿ ಅಡಿಭಾಗ ನೋಡುವುದು ಅಗತ್ಯ, ಏಕೆಂದರೆ ಹಳೆಯ ಪಿಕಪ್‌ಗಳಿಗೆ ಬಿಡಿಯಾಗಿಯೇ ದೊಡ್ಡ ಬೆಲೆ ಇರುವುದರಿಂದ ಅವನ್ನು ತೆಗೆದು ಮಾರಿ ಹೊಸದನ್ನು ಕೂರಿಸುವ ವ್ಯವಹಾರ ಎಲ್ಲ ಕಡೆಯೂ ಇದೆ. 1962ರ ಸುಮಾರಿನವರೆಗಿನವುಗಳ ಅಡಿಯಲ್ಲಿ ‘ಪೇಟೆಂಟ್ ಅಪ್ಲೈಡ್ ಫಾರ್’ ಎಂಬ ಕಪ್ಪು ಚೀಟಿಯೂ, ಅನಂತರದವುಗಳಲ್ಲಿ 2737842 ಎಂಬ ಪೇಟೆಂಟ್ ಸಂಖ್ಯೆಯ ಚೀಟಿಯೂ ಇರುತ್ತದೆ. (ಆ ಸಂಖ್ಯೆ ಪಿಕಪ್‌ನದ್ದೇ ಅಲ್ಲ, ಗಿಟಾರ್ ವಾದಕ ಲೆಸ್ ಪಾಲ್ ಅವರ ಟೇಲ್‌ಪೀಸಿನದು, ಅಂದರೆ ತಂತಿಗಳ ತುದಿ ಹಿಡಿಯುವ ಭಾಗದ್ದು.) ಎಪ್ಪತ್ತರ ದಶಕದ ಕೊನೆಯವುಗಳಲ್ಲಿ ಸಂಖ್ಯೆಯನ್ನು ಲೋಹದ ತಳಕ್ಕೇ ಒತ್ತಿರುತ್ತಾರೆ. ನಿಮ್ಮ ಗಿಟಾರಿನಲ್ಲಿ ಇರಬೇಕಾದದ್ದು ಈ ಕೊನೆಯ ಬಗೆ.

ಹೆಡ್‌ಸ್ಟಾಕ್ ಹಿಂದಕ್ಕೆ ಬಾಗಿರುವುದರಿಂದಲೂ, ನೆಕ್‌ನ ಬಾಗು ಸರಿಪಡಿಸುವ ಒಳಸರಳಾದ ಟ್ರಸ್ ರಾಡ್‌ಗಾಗಿ ಅಲ್ಲಿಯೇ ಮರ ಕೊರೆದಿರುವುದರಿಂದಲೂ ಗಿಬ್ಸನ್ ಗಿಟಾರ್‌ಗಳು ಬಿದ್ದಾಗ ಮೊದಲು ಮುರಿಯುವುದು ಆ ಜಾಗದಲ್ಲಿ. ಡಬಲ್ ನೆಕ್‌ನಲ್ಲಿ ಅಂಥ ಜಾಗ ಎರಡು, ಮೇಲಾಗಿ ವಾದ್ಯದ ತೂಕ ಸುಮಾರು 6 ಕೆ.ಜಿ. ನಟ್‌ನ (ಹೆಡ್‌ಸ್ಟಾಕ್ ಬಳಿ ತಂತಿಗಳು ಕೂರುವ ಗೀರುಪಟ್ಟಿಯ) ಹಿಂಭಾಗದಲ್ಲಿ ಬೆಳಕನ್ನು ಓರೆಯಾಗಿ ಬಿಟ್ಟು, ಬೆರಳ ಉಗುರಿನಿಂದ ಸವರಿ, ಕೂದಲೆಳೆಯಷ್ಟು ಗೆರೆ ಸಿಕ್ಕರೂ ಕೇಳಿ. ಚೆನ್ನಾಗಿ ಅಂಟಿಸಿದ ನೆಕ್ ನುಡಿಸಲು ತೊಂದರೆ ಕೊಡುವುದಿಲ್ಲ, ಆದರೆ ಬೆಲೆ ಸುಮಾರು ಅರ್ಧಕ್ಕೆ ಇಳಿಯುವುದು ವಾಡಿಕೆ. ಮತ್ತೆ ಬಣ್ಣ ಹೊಡೆಸಿದ ಗಿಟಾರಿಗೂ ಇದೇ ಲೆಕ್ಕ. ಕತ್ತಲೆ ಕೋಣೆಯಲ್ಲಿ ನೋಟು ಪರೀಕ್ಷಿಸುವ ಅಲ್ಟ್ರಾವಯಲೆಟ್ ಟಾರ್ಚ್ ಹಿಡಿದರೆ ಹಳೆಯ ನೈಟ್ರೋಸೆಲ್ಯುಲೋಸ್ ಮೆರುಗು ಹಸಿರು ಮಿಶ್ರಿತ ಹಳದಿಯಾಗಿ ಹೊಳೆಯುತ್ತದೆ, ತೇಪೆ ಹಾಕಿದ ಭಾಗ ಬೇರೆಯಾಗಿ ಕಾಣುತ್ತದೆ.

ನುಡಿಸಿ ನೋಡುವಾಗ ಎರಡೂ ನೆಕ್‌ಗಳನ್ನು ಬೇರೆ ಬೇರೆಯಾಗಿ ಎಲ್ಲ ಫ್ರೆಟ್‌ಗಳಲ್ಲಿ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗಳಲ್ಲಿ) ಕೇಳಿ, ನೆಕ್ ಬದಲಾಯಿಸುವ ಸ್ವಿಚ್ಚನ್ನು ಹತ್ತಾರು ಸಲ ಆಡಿಸಿ. ಹನ್ನೆರಡು ತಂತಿಯ ಬ್ರಿಡ್ಜಿನಲ್ಲಿ (ಬಾಡಿಯ ಮೇಲೆ ತಂತಿಗಳನ್ನು ಹೊರುವ ಭಾಗ) ಒಂದೊಂದು ಸ್ಯಾಡಲ್, ಅಂದರೆ ತಂತಿ ಕೂರುವ ಸಣ್ಣ ತುಂಡಿನ ಮೇಲೆ ಎರಡೆರಡು ತಂತಿ ಕೂರುವುದರಿಂದ ಮೇಲಿನ ಫ್ರೆಟ್‌ಗಳಲ್ಲಿ ಶ್ರುತಿ ತುಸು ಹೆಚ್ಚುಕಡಿಮೆಯಾಗುವುದು ಸಹಜ, ಅದನ್ನು ದೋಷವೆಂದು ಎಣಿಸಬೇಡಿ.

ಅಮೆರಿಕದಿಂದ ತರಿಸುವುದನ್ನು ನಾನು ನಿಮಗೆ ಶಿಫಾರಸು ಮಾಡುವುದಿಲ್ಲ. ಬಳಸಿದ ವಸ್ತುಗಳ ಆಮದು ನಮ್ಮ ವಿದೇಶ ವ್ಯಾಪಾರ ನೀತಿಯಲ್ಲಿ ನಿರ್ಬಂಧಿತ ವರ್ಗದಲ್ಲಿದೆ. ಸುಂಕವನ್ನು ಗಿಟಾರಿನ ಬೆಲೆಯ ಮೇಲಷ್ಟೇ ಅಲ್ಲದೆ ಸಾಗಣೆ ಮತ್ತು ವಿಮೆಯ ವೆಚ್ಚವನ್ನೂ ಸೇರಿಸಿ ಹಾಕುತ್ತಾರೆ. ಇದರ ಜೊತೆಗೆ ಮರದ ತೊಡಕು ಬೇರೆ. ಅರವತ್ತರ ದಶಕದ ಮಧ್ಯದವರೆಗೆ ಗಿಬ್ಸನ್ ಫಿಂಗರ್‌ಬೋರ್ಡ್‌ಗಳಿಗೆ (ನೆಕ್‌ನ ಮೇಲೆ ಬೆರಳೊತ್ತುವ ಪಟ್ಟಿಗಳಿಗೆ) ಬ್ರೆಜಿಲ್‌ನ ರೋಸ್‌ವುಡ್ ಬಳಸುತ್ತಿತ್ತು, ಆಮೇಲೆ ಭಾರತದ ರೋಸ್‌ವುಡ್, ಅಂದರೆ ನಮ್ಮ ತೋಟಗಳಲ್ಲೇ ಬೆಳೆಯುವ ಬೀಟೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಬೀಟೆಗೆ ಕೊಡಲಿ ಹಾಕುವಂತಿಲ್ಲವೆಂಬುದು ಕೊಡಗಿನವರಿಗೆ ಹೊಸ ವಿಷಯವಲ್ಲ. ಬ್ರೆಜಿಲ್‌ನ ಮರಕ್ಕೆ ಅದಕ್ಕಿಂತ ಬಿಗಿಯಾದ ಅಂತಾರಾಷ್ಟ್ರೀಯ ಕಾವಲಿದೆ: 1992ರಿಂದ ಅದು ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿದ್ದು, ಪ್ರಮಾಣಪತ್ರವಿಲ್ಲದೆ ಅದನ್ನು ಗಡಿ ದಾಟಿಸುವಂತಿಲ್ಲ. ಬೀಟೆಯ ಫಿಂಗರ್‌ಬೋರ್ಡ್ ಇರುವ ಸಿದ್ಧ ವಾದ್ಯಗಳಿಗೆ 2019ರ ನವೆಂಬರ್‌ನಿಂದ ಈ ಒಪ್ಪಂದದಿಂದ ವಿನಾಯಿತಿ ಸಿಕ್ಕಿದೆ. ಆದರೂ ತರಿಸಲೇಬೇಕೆಂದರೆ ಹಣ ಕಳುಹಿಸುವ ಮೊದಲೇ ಕಸ್ಟಮ್ಸ್ ಏಜೆಂಟ್ ಒಬ್ಬರೊಡನೆ ಮಾತಾಡಿ.

ಮಳೆಗಾಲದ ಪ್ರಶ್ನೆಯನ್ನು ನೀವು ಕೇಳಿದ್ದು ನನಗೆ ಬಹಳ ಸಂತೋಷ ತಂದಿತು, ಏಕೆಂದರೆ ಕೊಳ್ಳುವ ಉತ್ಸಾಹದಲ್ಲಿ ಅದನ್ನು ಯೋಚಿಸುವವರು ಕಡಿಮೆ. ತೇವಾಂಶ ಅಳೆಯದೆ ಕಾಫಿಗೆ ದರ ಕಟ್ಟದ ನಾವು ಮರದ ವಾದ್ಯಕ್ಕೂ ಅದೇ ಎಚ್ಚರ ತೋರಬೇಕು. ಗಿಟಾರಿಗೆ ಹಿತವಾದದ್ದು ಶೇಕಡಾ 45ರಿಂದ 55ರ ಸಾಪೇಕ್ಷ ಆರ್ದ್ರತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕಿಟಕಿ ತೆರೆದಿಟ್ಟ ಕೋಣೆಯಲ್ಲಿ ಅದು ಸಾಧ್ಯವೇ ಇಲ್ಲ. ಮರ ನೀರು ಹೀರಿ ಉಬ್ಬುತ್ತದೆ, ನೆಕ್‌ನ ಬಾಗು ಬದಲಾಗುತ್ತದೆ, ಕೇಸಿನ ಒಳಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ನಾನು ಗಿಟಾರನ್ನು ಗಟ್ಟಿ ಕೇಸಿನಲ್ಲಿ, ಒಳಗೆ ತೇವಾಂಶ ಅಳೆಯುವ ಸಣ್ಣ ಹೈಗ್ರೋಮೀಟರ್ ಮತ್ತು ಸಿಲಿಕಾ ಜೆಲ್ ಚೀಲಗಳೊಂದಿಗೆ, ಹೊರಗೋಡೆಗೆ ತಾಗದ ಕೋಣೆಯಲ್ಲಿ ಇಡುತ್ತೇನೆ. ಆ ಕೋಣೆಯಲ್ಲಿ ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಇದೆ. ಗಾಳಿ ಮಳೆಗೆ ಮರ ಬಿದ್ದು ಕರೆಂಟು ಹೋದ ದಿನಗಳಲ್ಲಿ ಕಾಪಾಡುವುದು ಸಿಲಿಕಾ ಜೆಲ್ ಮಾತ್ರ, ಆದ್ದರಿಂದ ಅದನ್ನು ಆಗಾಗ ಬಿಸಿಮಾಡಿ ಒಣಗಿಸಿಕೊಳ್ಳಬೇಕು. ಬಟ್ಟೆಯ ಬೀರುವಿನಲ್ಲಿ ಬಲ್ಬು ಉರಿಸಿಡುವ ನಮ್ಮ ಕಡೆಯ ರೂಢಿಯನ್ನು ಗಿಟಾರಿಗೆ ಅನ್ವಯಿಸಬೇಡಿ, ಒಂದೇ ಕಡೆಯಿಂದ ತಗಲುವ ಬಿಸಿ ತೇವಕ್ಕಿಂತ ಕೆಟ್ಟದ್ದು. ರಬ್ಬರ್ ಹೊದಿಸಿದ ಸ್ಟ್ಯಾಂಡ್‌ನಲ್ಲೂ ನಿಲ್ಲಿಸಬೇಡಿ, ನೈಟ್ರೋಸೆಲ್ಯುಲೋಸ್ ಮೆರುಗು ಅದಕ್ಕೆ ಅಂಟಿ ಕರಗುತ್ತದೆ. ಮಳೆಯ ತಿಂಗಳುಗಳಲ್ಲಿ ಹನ್ನೆರಡು ತಂತಿಗಳನ್ನು ಅರ್ಧ ಸ್ವರ ಇಳಿಸಿಡುವುದು ಒಳ್ಳೆಯದು.

ಹೀಗಾಗಿ ನನ್ನ ಸಲಹೆಯೆಂದರೆ, 1978ರ ಬೆಲೆಗೆ ಕೊಡಲು ಅವರು ಒಪ್ಪಿದರೆ ಬೆಂಗಳೂರಿನದನ್ನೇ ಕೊಳ್ಳಿ, ಆದರೆ ಕಾಫಿ ಕೊಯ್ಲು ಮುಗಿಯುತ್ತಾ ಬರುವ ಫೆಬ್ರವರಿಯ ಒಣ ಹವೆಯಲ್ಲಿ ಸ್ವಂತ ಕಾರಿನಲ್ಲಿ ತನ್ನಿ, ಕೊರಿಯರ್‌ಗೆ ಕೊಡಬೇಡಿ. ಒಪ್ಪಂದದ ಕಾಗದದಲ್ಲಿ ಸರಣಿ ಸಂಖ್ಯೆಯನ್ನೂ, ಯಾವ ಭಾಗ ಮೂಲದ್ದು ಯಾವುದು ಬದಲಾದದ್ದು ಎಂಬುದನ್ನೂ ಬರೆಸಿ ಸಹಿ ಹಾಕಿಸಿಕೊಳ್ಳಿ. ಅದಕ್ಕೂ ಮೊದಲು ಪಾಟ್‌ಗಳ ಬೆನ್ನು, ಪಿಕಪ್‌ಗಳ ಅಡಿ, ಎರಡೂ ನಟ್‌ಗಳ ಹಿಂಭಾಗ ಮತ್ತು ನೆಕ್ ಬಾಡಿಗೆ ಸೇರುವ ಜಾಗದ ಸ್ಪಷ್ಟ ಚಿತ್ರಗಳನ್ನು ತರಿಸಿಕೊಂಡು, ಸರಣಿ ಸಂಖ್ಯೆಯ ಕೊನೆಯ ಮೂರು ಅಂಕಿಗಳನ್ನು ಮರೆಮಾಡಿ, ಇಲ್ಲಿ ಹಾಕಿದರೆ ನೋಡಿ ಹೇಳುತ್ತೇನೆ.