ಸುಮಾರು 50 ಜನ ಅಂದರೆ ಯಾರ್ಯಾರು?

ಓದುಗರ ಪತ್ರ: ಈಚೆಗಷ್ಟೇ ನನ್ನನ್ನು ನಮ್ಮ ಚರ್ಚಿನ ಸಭಾ ಹಿರಿಯನಾಗಿ ಆರಿಸಿದ್ದಾರೆ. 2020ರಲ್ಲಿ ಕೊರೊನಾದಿಂದ ಬಾಗಿಲು ಮುಚ್ಚಿದಾಗ ಒಂದು ವಾರವೂ ತಪ್ಪದೆ ಆರಾಧನೆಯನ್ನು ಲೈವ್ ಕೊಟ್ಟೆವು. ಬೆಂಚುಗಳಲ್ಲಿ ಕೂರುತ್ತಿದ್ದವರಿಗಿಂತ ಜಾಸ್ತಿ ಜನ ನೋಡಿದರು. ಆದರೂ ಸುಮಾರು 50 ಜನ ವಾಪಸ್ ಬಂದಿಲ್ಲ. ಎಲ್ಲಿ ಎಡವಿದೆವು?

ಸಂಪಾದಕರ ಉತ್ತರ: ಲೈವ್ ಕೊಟ್ಟಿದ್ದು ತಪ್ಪಲ್ಲ. ಹಾಸಿಗೆ ಹಿಡಿದವರಿಗೆ ಅದು ಇವತ್ತಿಗೂ ಬೇಕು, ನಿಲ್ಲಿಸಬೇಡಿ. ಇಷ್ಟು ಹೇಳಿ ನನ್ನ ಹಳೇ ಜಗಳಕ್ಕೆ ಬರುತ್ತೇನೆ. ಎಷ್ಟು ಜನ ನೋಡಿದರು ಅಂತ ಎಣಿಸಿದಿರಿ. ಯಾರು ನೋಡಲಿಲ್ಲ ಅಂತ ಕೇಳಿದಿರಾ?

ಬೈಬಲಿನಲ್ಲಿ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯ ತೆಗೆಯಿರಿ. ಬರೀ ಹೆಸರುಗಳು ಅಂತ ಪ್ರಸಂಗ ಮಾಡುವವರು ಹಾರಿಸಿಬಿಡುತ್ತಾರಲ್ಲ, ಅದೇ. ಪೌಲ ಆಗಿನ್ನೂ ಆ ಊರಿಗೆ ಕಾಲಿಟ್ಟಿರಲಿಲ್ಲ. ಆದರೂ 20ಕ್ಕೂ ಹೆಚ್ಚು ಜನಕ್ಕೆ ಹೆಸರು ಹಿಡಿದು ವಂದನೆ ಹೇಳುತ್ತಾನೆ. ರೂಫನ ತಾಯಿ ತನಗೂ ತಾಯಿ ಎನ್ನುತ್ತಾನೆ. ಯೋಹಾನನ ಮೂರನೇ ಪತ್ರ ಮುಗಿಯುವುದೂ ಹೀಗೇ. ಮಸಿ, ಲೇಖನಿ ಸಾಕು, ಎದುರೆದುರು ಮಾತಾಡೋಣ. ಅಲ್ಲಿಯವರೆಗೆ ಸ್ನೇಹಿತರಿಗೆ ಒಬ್ಬೊಬ್ಬರ ಹೆಸರು ಹೇಳಿ ವಂದಿಸು ಎಂದು.

ನೀವು ಹೊಸಬರು, ಹಾಗಾಗಿ ಇನ್ನೊಂದು ಮಾತು. 1665ರಲ್ಲಿ ಇಂಗ್ಲೆಂಡಿನ ಈಮ್ ಹಳ್ಳಿಗೆ ಪ್ಲೇಗ್ ಬಂತು. ಪಾದ್ರಿ ವಿಲಿಯಂ ಮೊಂಪೆಸನ್ ಆ ಊರಿಗೆ ಹೊಸಬರು. ಊರವರಿಗೆ ಅವರ ಮೇಲೆ ಅಷ್ಟೇನೂ ನಂಬಿಕೆ ಇರಲಿಲ್ಲ. ಅವರು ಮೊದಲು ಹೋಗಿದ್ದು ಹುದ್ದೆ ಕಳೆದುಕೊಂಡಿದ್ದ ಹಳೆಯ ಪಾದ್ರಿ ಥಾಮಸ್ ಸ್ಟ್ಯಾನ್ಲಿಯ ಹತ್ತಿರ. 1666ರಲ್ಲಿ ಇಬ್ಬರೂ ಸೇರಿ ಊರನ್ನು ಒಪ್ಪಿಸಿದರು: ಯಾರೂ ಹೊರಗೆ ಹೋಗುವುದಿಲ್ಲ, ಆರಾಧನೆ ಬಯಲಲ್ಲಿ. ಆ ಆಗಸ್ಟ್‌ನಲ್ಲಿ ಮೊಂಪೆಸನ್‌ರ ಹೆಂಡತಿ ಕ್ಯಾಥರೀನ್ ಕೂಡ ತೀರಿಕೊಂಡರು. ನಿಮ್ಮ ಸಭೆಯಲ್ಲೂ ಈಗ ಸಮಿತಿಯಲ್ಲಿಲ್ಲದ ಹಿರಿಯರೊಬ್ಬರು ಇರುತ್ತಾರೆ, ಅಲ್ವಾ? ಯಾರು ಯಾಕೆ ಬರುತ್ತಿಲ್ಲ ಅಂತ ಅವರಿಗೆ ಗೊತ್ತಿರುತ್ತದೆ.

ಚರ್ಚಿನ ಬಾಗಿಲು ಮುಚ್ಚಿದ್ದಾಗ ಕಾಯಿಲೆ ಬಿದ್ದು ನಾನೂ 14 ದಿನ ಒಂದೇ ಕೋಣೆಯಲ್ಲಿದ್ದೆ. ಹೂವಿನ ಚಿತ್ರದ ಮೇಲೆ ವಚನ ಬರೆದು ದಿನವಿಡೀ ಯಾರ್ಯಾರೋ ಕಳಿಸುತ್ತಿದ್ದರು. ಫೋನ್ ಮಾಡಿದ್ದು ಒಬ್ಬ ಹಿರಿಯರು ಮಾತ್ರ. ಮಾತು ಕಡಿಮೆ ಮನುಷ್ಯ. 'ರಾತ್ರಿ ನಿದ್ದೆ ಬರುತ್ತಾ?' ಅಂದರು. 'ಇಲ್ಲ' ಅಂದೆ. 'ನನಗೂ ಇಲ್ಲ' ಅಂದರು. ಪ್ರಾರ್ಥನೆ ಮಾಡುವುದನ್ನೂ ಮರೆತು ಫೋನ್ ಇಟ್ಟರು. ಬಾಗಿಲು ತೆರೆದ ಮೊದಲ ಭಾನುವಾರ ನಾನು ಹುಡುಕಿದ್ದು ಅವರು ಕೂರುವ ಬೆಂಚನ್ನು.

ಈಗ ಕ್ಯಾಮೆರಾ ಯಾವುದು, ಮೈಕ್ ಯಾವುದು ಅಂತ ಸಮಿತಿಗಳು ಗಂಟೆಗಟ್ಟಲೆ ಕೂರುತ್ತವೆ. ಯಾರು ಯಾರಿಗೆ ಫೋನ್ ಮಾಡಬೇಕು ಅನ್ನುವ ಹೊತ್ತಿಗೆ ಎಲ್ಲರಿಗೂ ಮನೆಗೆ ಹೊತ್ತಾಗಿರುತ್ತದೆ. ಪತ್ರಿಕೆಗಳೂ ಸಾಚಾ ಏನಲ್ಲ ಬಿಡಿ. ಎಷ್ಟು ಜನ ಓದಿದರು ಅಂತ ನಮ್ಮನ್ನೂ ಕೇಳುತ್ತಾರೆ. ಚಂದಾ ನಿಲ್ಲಿಸಿದವರು ಬದುಕಿದ್ದಾರಾ ಅಂತ ಕೇಳುವವರಿಲ್ಲ.

'ಸುಮಾರು' ಅಂದಿದ್ದೀರಿ. ಪೆನ್ನು ತೆಗೆದುಕೊಂಡು ಹೆಸರು ಬರೆಯಿರಿ. 31ಕ್ಕೆ ನಿಂತುಹೋದರೆ ಉಳಿದವರ ಹೆಸರು ಸಮಿತಿಯಲ್ಲಿಲ್ಲದ ಆ ಹಿರಿಯರನ್ನೇ ಕೇಳಿ. ಪಟ್ಟಿ ನನಗೆ ಕಳಿಸಬೇಡಿ, ಅಚ್ಚು ಹಾಕುವುದಿಲ್ಲ.