ಕೋಟೆಗಿಂತ ಜಾಲಿಮುಳ್ಳು ಹತ್ತಿರ

ನಮಸ್ಕಾರ. ಜೀವಕೋಶದ ಮೈಮೇಲೆ ಇರುವ, ಸಕ್ಕರೆ ಸರ ಹೊತ್ತ ಪ್ರೋಟೀನ್‌ಗಳಾದ ಪ್ರೋಟಿಯೋಗ್ಲೈಕಾನ್‌ಗಳ ಬಗ್ಗೆ ನೀವು ಚಿತ್ರದುರ್ಗದಿಂದ ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ಕೈಬಿಡಬೇಡಿ. ಇದನ್ನೆಲ್ಲ ಕನ್ನಡದಲ್ಲಿ ಬರೆಯಲು ಕೂರುವವರು ಜಾಸ್ತಿ ಇಲ್ಲ.

ಮೊದಲ ತೊಡಕು ನೀವು ಇವಕ್ಕೆ ಕೊಟ್ಟ ಏಳು ಸುತ್ತಿನ ಕೋಟೆಯ ಹೋಲಿಕೆ. ದುರ್ಗದವರಿಗೆ ದಿನಾ ಕಣ್ಣಿಗೆ ಬೀಳುವುದು ಅದೇ, ಒಪ್ಪುತ್ತೇನೆ. ಆದರೆ ಕೋಟೆ ಬಂದವರನ್ನು ತಡೆಯುತ್ತದೆ. ಪ್ರೋಟಿಯೋಗ್ಲೈಕಾನ್ ತೇಲಿ ಬಂದದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ. ಹತ್ತಿ ತುಂಬಿದ ಟ್ರ್ಯಾಕ್ಟರ್ ದಾವಣಗೆರೆ ಕಡೆ ಹೋದ ಮೇಲೆ ರಸ್ತೆ ಬದಿಯ ಜಾಲಿಗಿಡ ನೋಡಿದ್ದೀರಿ ಅಲ್ವಾ? ಮುಳ್ಳುಮುಳ್ಳಿಗೂ ಬಿಳಿ ಅರಳೆ. ಹಾಗೇ ಇಲ್ಲಿ ಒಂದು ಪ್ರೋಟೀನ್ ಕೊಂಬೆ, ಅದರ ತುಂಬ ಹೆಪಾರಾನ್ ಸಲ್ಫೇಟ್ ಎಂಬ ಸಕ್ಕರೆ ಸರಗಳು. ಸಲ್ಫೇಟ್‌ನಿಂದ ಸರಕ್ಕೆ ಋಣ ವಿದ್ಯುದಂಶ. ಎಫ್‌ಜಿಎಫ್‌ನಂಥ ಬೆಳವಣಿಗೆ ಪ್ರೋಟೀನಿನ ಧನ ವಿದ್ಯುದಂಶದ ಭಾಗ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಮುಳ್ಳು ಮಾತ್ರ ಏನು ಸಿಕ್ಕರೂ ಹಿಡಿಯುತ್ತದೆ. ಈ ಸರದಲ್ಲಿ ಸಲ್ಫೇಟ್ ಎಲ್ಲೆಲ್ಲಿದೆ ಎನ್ನುವುದರ ಮೇಲೆ ಹಿಡಿತ ನಿಂತಿದೆ. ಹೋಲಿಕೆ ಎಲ್ಲಿ ಮುಗಿಯುತ್ತದೆ ಎಂದು ಓದುಗರಿಗೆ ಹೇಳಿಬಿಡಿ.

ಹಿಡಿದ ಮೇಲೆ ಏನಾಗುತ್ತದೆ ಎನ್ನುವುದನ್ನು "ಸಂಕೇತ ಸಾಗುತ್ತದೆ" ಎಂದು ಸುಮ್ನೆ ಮುಗಿಸಿದ್ದೀರಿ. ಹೆಪಾರಾನ್ ಸಲ್ಫೇಟ್ ಇಲ್ಲದ ಜೀವಕೋಶದಲ್ಲಿ ಎಫ್‌ಜಿಎಫ್ ತನ್ನ ಗ್ರಾಹಕದ (ಸುದ್ದಿ ಪಡೆಯುವ ಪ್ರೋಟೀನಿನ) ಮೇಲೆ ಸರಿಯಾಗಿ ಕೂರುವುದಿಲ್ಲ, ಅದೇ ಬಗೆಯ ಸಕ್ಕರೆ ಸರವಾದ ಹೆಪಾರಿನ್ ಬೆರೆಸಿದರೆ ಕೂರುತ್ತದೆ. 1991ರಲ್ಲಿ ತಿಳಿದದ್ದು ಇದು. ಅದನ್ನು ಬರೆಯಿರಿ.

ಒಂದು ತಪ್ಪೂ ಇದೆ. ಗ್ಲಿಪಿಕಾನ್ ಎಂಬ ಬಗೆಯ ಪ್ರೋಟಿಯೋಗ್ಲೈಕಾನ್ ಜೀವಕೋಶದ ಪೊರೆ ದಾಟುವುದಿಲ್ಲ. ಕೊಬ್ಬಿನ ಗೂಟಕ್ಕೆ ಕಟ್ಟಿಕೊಂಡು ಹೊರಗೇ ಇರುತ್ತದೆ. ದಾಟಿ ಒಳಗೆ ಬಾಲ ಚಾಚುವುದು ಇನ್ನೊಂದು ಬಗೆಯಾದ ಸಿಂಡಿಕಾನ್.

ನಿಮ್ಮ ಲೇಖನದ ಜೀವ ಕೊನೆಯ ಪ್ಯಾರಾದಲ್ಲಿ ಹೂತುಹೋಗಿದೆ. ಹೊರಗಿರುವ ಫೈಬ್ರೊನೆಕ್ಟಿನ್ ಎಂಬ ನಾರನ್ನು ಜೀವಕೋಶ ಎರಡು ಕಡೆ ಹಿಡಿಯುತ್ತದೆ: ಒಂದು ಕಡೆ ಪೊರೆಯಲ್ಲಿರುವ ಇಂಟಿಗ್ರಿನ್ ಎಂಬ ಪ್ರೋಟೀನ್, ಇನ್ನೊಂದು ಕಡೆ ಸಿಂಡಿಕಾನ್-4. ಗಾಜಿನ ಮೇಲೆ ಇಂಟಿಗ್ರಿನ್ ಹಿಡಿಯುವ ತುಂಡನ್ನಷ್ಟೇ ಸವರಿಟ್ಟರೆ ಫೈಬ್ರೊಬ್ಲಾಸ್ಟ್ ಎಂಬ ನಾರು ಹೆಣೆಯುವ ಜೀವಕೋಶ ಅಂಟಿಕೊಂಡು ಚಪ್ಪಟೆಯಾಗುತ್ತದೆ, ಆದರೆ ಕಾಲೂರುವುದಿಲ್ಲ. ಸಿಂಡಿಕಾನ್ ಹಿಡಿಯುವ ತುಂಡನ್ನೂ ಸೇರಿಸಿ. ಗಟ್ಟಿ ಹಿಡಿತದ ಚುಕ್ಕೆಗಳು ಮೂಡುತ್ತವೆ, ಒಳಗೆ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಹಗ್ಗದಂತೆ ಬಿಗಿಯುತ್ತವೆ. ಸಿಂಡಿಕಾನ್-4ರ ಬಾಲ ಒಳಗೆ ಪಿಕೆಸಿ-ಆಲ್ಫಾ ಎಂಬ ಕಿಣ್ವವನ್ನು ಕೆಲಸಕ್ಕೆ ಹಚ್ಚುತ್ತದೆ. ಅಂಟುವುದು, ಸುದ್ದಿ ಮುಟ್ಟಿಸುವುದು ಎರಡೂ ಒಂದೇ ಕಡೆ ನಡೆಯುತ್ತಿವೆ. ಇದನ್ನು ಓದುವಾಗ ನನಗೆ ಮೈ ಜುಮ್ಮೆಂದಿತು.

ಅಲ್ಲಿಂದಲೇ ಶುರು ಮಾಡಿ. ನಾಲ್ಕು ಸಿಂಡಿಕಾನ್, ಆರು ಗ್ಲಿಪಿಕಾನ್‌ಗಳ ಪಟ್ಟಿ ಬೇಡ. "ಸಂಲಗ್ನತೆ" ಇರುವಲ್ಲೆಲ್ಲ "ಅಂಟಿಕೊಳ್ಳುವುದು" ಎನ್ನಿ. ತಿದ್ದಿ ಕಳಿಸಿ, ಕಾಯುತ್ತಿರುತ್ತೇನೆ.